ಗಿರಿಯವರನ್ನು ಗೆಲ್ಲಿಸಿದ್ದು ಎರಡನೆಯ ಪ್ರಾಶಸ್ತ್ಯವೇ? 1969ರ ರಾಷ್ಟ್ರಪತಿ ಚುನಾವಣೆ: ಒಂದು ಪ್ರಕರಣ ಅಧ್ಯಯನ

1969ರ ಆಗಸ್ಟ್ 20ರಂದು ರಾಷ್ಟ್ರಪತಿ ಚುನಾವಣೆಯ ಮೊದಲ ಸುತ್ತಿನ ಎಣಿಕೆ ಮುಗಿದಾಗ ಯಾರೂ ಗೆದ್ದಿರಲಿಲ್ಲ. ಈ ಚುನಾವಣೆಯಲ್ಲಿ ಪ್ರತಿ ಸಂಸದ, ಶಾಸಕರ ಮತಕ್ಕೂ ಒಂದು ತೂಕವಿರುತ್ತದೆ, ಎಣಿಸುವುದು ಆ ತೂಕವನ್ನು. ಸಿಂಧುವಾದ ಮತಗಳ ಒಟ್ಟು ಮೌಲ್ಯ 8,36,337. ಗೆಲುವಿಗೆ ಬೇಕಾಗಿದ್ದದ್ದು ಅರ್ಧಕ್ಕಿಂತ ಹೆಚ್ಚು, ಅಂದರೆ 4,18,169. ಪಕ್ಷೇತರರಾಗಿ ನಿಂತಿದ್ದ ವಿ.ವಿ. ಗಿರಿ ಅವರಿಗೆ 4,01,515 ಬಂದಿತ್ತು. ಕಾಂಗ್ರೆಸ್ಸಿನ ಅಧಿಕೃತ ಹುರಿಯಾಳು ನೀಲಂ ಸಂಜೀವ ರೆಡ್ಡಿ ಅವರಿಗೆ 3,13,548, ಸ್ವತಂತ್ರ ಪಕ್ಷ ಮತ್ತು ಜನಸಂಘ ಬೆಂಬಲಿಸಿದ್ದ ಸಿ.ಡಿ. ದೇಶಮುಖ್ ಅವರಿಗೆ 1,12,769. ಕಣದಲ್ಲಿದ್ದ ಉಳಿದ ಹನ್ನೆರಡು ಮಂದಿ ಹಂಚಿಕೊಂಡದ್ದು 8,505. ಗಿರಿ ಗೆಲುವಿನ ಗೆರೆಗೆ 16,654ರಷ್ಟು ಕೆಳಗೆ ನಿಂತಿದ್ದರು.

ಆಗ ಕೆಳಗಿನವರನ್ನು ಒಬ್ಬೊಬ್ಬರನ್ನಾಗಿ ಕಣದಿಂದ ತೆಗೆದು, ಅವರ ಮತಪತ್ರಗಳಲ್ಲಿ ಮುಂದಿನ ಪ್ರಾಶಸ್ತ್ಯ, ಅಂದರೆ ಮತದಾರರು 2, 3 ಎಂದು ಗುರುತಿಸಿದ ಆಯ್ಕೆ, ಯಾರಿಗೆಂದು ನೋಡಿ ಹಂಚುವ ಕೆಲಸ ಆರಂಭವಾಯಿತು. ಅದಕ್ಕೆ ಮುಂಚೆಯೂ ನಂತರವೂ ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿ ಈ ಹಂತಕ್ಕೆ ಹೋಗುವ ಪ್ರಸಂಗ ಬಂದಿಲ್ಲ. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಅಂತರ 14,650.

ಎರಡನೆಯ ಪ್ರಾಶಸ್ತ್ಯದ ಮತಗಳಿಂದ ಗೆದ್ದ ಏಕೈಕ ರಾಷ್ಟ್ರಪತಿ ಗಿರಿ ಎಂದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೆಲ್ಲ ಬಾಯಿಪಾಠ ಮಾಡುತ್ತಾರೆ. ಲೆಕ್ಕವನ್ನು ಬಿಡಿಸಿ ನೋಡಿದರೆ ಈ ಮಾತು ಅರ್ಧ ಮಾತ್ರ ನಿಜ. ಮಿಕ್ಕ ಅರ್ಧದಲ್ಲೇ ನಮ್ಮ ಎಲೆಕ್ಟೋರಲ್ ಕಾಲೇಜಿನ, ಅಂದರೆ ರಾಷ್ಟ್ರಪತಿಯನ್ನು ಆರಿಸುವ ಮತದಾರ ಮಂಡಲದ, ಗುಣವೂ ದೋಷವೂ ಅಡಗಿವೆ.

ಗಾಜಿನ ಮನೆಯ ಜುಲೈ

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಅಧಿಕಾರದಲ್ಲಿದ್ದಾಗಲೇ ನಿಧನರಾದ ಮೊದಲ ರಾಷ್ಟ್ರಪತಿ ಅವರು. ಉಪರಾಷ್ಟ್ರಪತಿ ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಕಾರ್ಮಿಕ ನಾಯಕರಾಗಿ ಬೆಳೆದ ಗಿರಿ ಕನ್ನಡಿಗರಿಗೆ ಹೊಸಬರೇನಲ್ಲ, 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು.

ಹುರಿಯಾಳು ಯಾರೆಂಬ ತಕರಾರು ಸ್ಫೋಟಿಸಿದ್ದು ಬೆಂಗಳೂರಿನಲ್ಲಿ. ಆ ಜುಲೈ ತಿಂಗಳಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ನಡೆದದ್ದು ಲಾಲ್‌ಬಾಗಿನ ಗಾಜಿನ ಮನೆಯಲ್ಲಿ. ಫಲಪುಷ್ಪ ಪ್ರದರ್ಶನಕ್ಕೆ ಸಾಲು ನಿಲ್ಲುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ ಕಾಣೆ. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಜುಲೈ 12ರಂದು ಸೇರಿದ ಕಾಂಗ್ರೆಸ್ ಸಂಸದೀಯ ಮಂಡಳಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಜಗಜೀವನ ರಾಂ ಅವರ ಹೆಸರು ಮುಂದಿಟ್ಟರು. ಕಾಮರಾಜ್, ಮೊರಾರ್ಜಿ ದೇಸಾಯಿ, ಎಸ್.ಕೆ. ಪಾಟೀಲ್, ವೈ.ಬಿ. ಚವಾಣ್ ಅವರು ಸಂಜೀವ ರೆಡ್ಡಿಯವರ ಪರ ನಿಂತರು. 4–2ರಿಂದ ಪ್ರಧಾನಿಯ ಮಾತು ಬಿದ್ದುಹೋಯಿತು.

ಮುಂದಿನ ಎಂಟು ದಿನಗಳು ಓಡಿದ ರೀತಿ ಹೀಗೆ. ಜುಲೈ 16ರಂದು ಇಂದಿರಾ ಅವರು ಮೊರಾರ್ಜಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು. 19ರಂದು ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಬಂತು, ಅದಕ್ಕೆ ಸಹಿ ಹಾಕಿದವರು ಹಂಗಾಮಿ ರಾಷ್ಟ್ರಪತಿ ಗಿರಿ. 20ರಂದು ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ಕಣಕ್ಕಿಳಿದರು. ಎರಡೂ ಹುದ್ದೆಗಳು ಖಾಲಿಯಾದ್ದರಿಂದ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ರಾಷ್ಟ್ರಪತಿ ಭವನಕ್ಕೆ ಹೋಗಬೇಕಾಯಿತು. ರೆಡ್ಡಿ ಲೋಕಸಭೆಯ ಸ್ಪೀಕರ್ ಸ್ಥಾನ ಬಿಟ್ಟರು. ಸರ್ಕಾರದ ವಶವಾದ ಬ್ಯಾಂಕುಗಳಲ್ಲಿ ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಇದ್ದವು. ಇಂದಿರಾ ವಿರೋಧಿ ಹಿರಿಯರ ಬಣವನ್ನೂ ಪತ್ರಿಕೆಗಳು ಸಿಂಡಿಕೇಟ್ ಎಂದೇ ಕರೆಯುತ್ತಿದ್ದವು. ಒಂದೇ ಬೇಸಿಗೆ-ಮಳೆಗಾಲದಲ್ಲಿ ಎರಡೂ ಸಿಂಡಿಕೇಟುಗಳ ಹಣೆಬರಹ ಬದಲಾಯಿತು.

ಇಲ್ಲಿ ಮತ ಎಣಿಕೆಯ ನಿಯಮ ರಾಜಕೀಯದೊಳಗೆ ಕಾಲಿಟ್ಟಿತು. ಮೂವರು ಗಟ್ಟಿ ಸ್ಪರ್ಧಿಗಳಿರುವಾಗ ಮೊದಲ ಸುತ್ತಿನಲ್ಲಿ ಅರ್ಧ ದಾಟುವುದು ಕಷ್ಟವೆಂದು ನಿಜಲಿಂಗಪ್ಪನವರಿಗೆ ಗೊತ್ತಿತ್ತು. ಅವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರನ್ನು ಕಂಡು, ನಿಮ್ಮ ಮೊದಲ ಮತ ದೇಶಮುಖ್ ಅವರಿಗೇ ಇರಲಿ, ಎರಡನೆಯದನ್ನು ರೆಡ್ಡಿಯವರಿಗೆ ಕೊಡಿ ಎಂದು ಕೇಳಿದರು. ಲೆಕ್ಕದ ದೃಷ್ಟಿಯಿಂದ ಇದಕ್ಕಿಂತ ಸರಿಯಾದ ನಡೆ ಇರಲಿಲ್ಲ. ರಾಜಕೀಯವಾಗಿ ಇದಕ್ಕಿಂತ ದುಬಾರಿಯಾದದ್ದೂ ಇರಲಿಲ್ಲ. ಜಗಜೀವನ ರಾಂ ಮತ್ತು ಫಕ್ರುದ್ದೀನ್ ಅಲಿ ಅಹ್ಮದ್ ಕೂಡಲೇ ಪತ್ರ ಬರೆದು ವಿವರಣೆ ಕೇಳಿದರು, ಬಲಪಂಥೀಯರ ಜೊತೆ ಒಳಒಪ್ಪಂದ ಎಂಬ ಆಪಾದನೆ ಎದ್ದಿತು. ರೆಡ್ಡಿಯವರ ನಾಮಪತ್ರಕ್ಕೆ ಸ್ವತಃ ಸಹಿ ಹಾಕಿದ್ದ ಇಂದಿರಾ ಅವರಿಗೆ ಕೈ ತೊಳೆದುಕೊಳ್ಳಲು ನೆವ ಸಿಕ್ಕಿತು. ವಿಪ್, ಅಂದರೆ ಇಂಥವರಿಗೇ ಮತ ಹಾಕಿ ಎಂಬ ಪಕ್ಷದ ಆಜ್ಞೆ, ಹೊರಡಿಸಲು ಅವರು ಒಪ್ಪಲಿಲ್ಲ. ಆತ್ಮಸಾಕ್ಷಿಗೆ ತಕ್ಕಂತೆ ಮತ ಹಾಕಿ ಎಂಬ ಕರೆ ಹೊರಟಿತು. ಆಗಸ್ಟ್ 16ರಂದು ಮತದಾನವಾಯಿತು.

ಲೆಕ್ಕದ ಒಳಗೆ

ಈಗ ಆ ಅರ್ಧಸತ್ಯಕ್ಕೆ ಬರೋಣ. ಮೊದಲ ಸುತ್ತಿನಲ್ಲಿ ಗಿರಿಯವರ ಮುನ್ನಡೆ 87,967. ದೇಶಮುಖ್ ಮತ್ತು ಇತರರ ಮತಗಳನ್ನು ಹಂಚಿದ ಮೇಲೆ ಅದು 14,650ಕ್ಕೆ ಕುಗ್ಗಿತು. ಹಂಚಿಕೆಯಾದ 1,10,441ರಲ್ಲಿ ರೆಡ್ಡಿಯವರಿಗೆ ಹೋದದ್ದು 91,879, ಗಿರಿಯವರಿಗೆ 18,562. ನಿಜಲಿಂಗಪ್ಪನವರು ಕೇಳಿಕೊಂಡ ಎರಡನೆಯ ಮತಗಳು ಬಂದೇ ಬಂದವು, ನೂರಕ್ಕೆ ಎಂಬತ್ಮೂರರಂತೆ. ಎರಡನೆಯ ಪ್ರಾಶಸ್ತ್ಯ ಗಿರಿಯವರನ್ನು ಗೆಲ್ಲಿಸಿತು ಎನ್ನುವುದಕ್ಕಿಂತ ಸೋಲಿನ ಅಂಚಿಗೆ ತಂದು ಬಿಟ್ಟಿತು ಎನ್ನುವುದು ವಾಸ್ತವಕ್ಕೆ ಹತ್ತಿರ. ಅತಿ ಹೆಚ್ಚು ಮತ ಪಡೆದವರೇ ಗೆದ್ದರು ಎಂಬ ನಮ್ಮ ಶಾಸನಸಭಾ ಚುನಾವಣೆಯ ಸರಳ ನಿಯಮವಿದ್ದಿದ್ದರೂ, ಇದೇ ಮತಗಳ ಮೇಲೆ ಗಿರಿಯವರೇ ರಾಷ್ಟ್ರಪತಿಯಾಗುತ್ತಿದ್ದರು.

ಹಾಗಾದರೆ ಈ ಪದ್ಧತಿ ಮಾಡಿದ್ದೇನು? ಎರಡು ಕೆಲಸ ಮಾಡಿತು. ನೂರಕ್ಕೆ 48ರಲ್ಲಿ ನಿಂತಿದ್ದ ಅಭ್ಯರ್ಥಿಯನ್ನು ಅರ್ಧ ದಾಟಿಸಿದ ಮೇಲೆಯೇ ಪ್ರಮಾಣವಚನಕ್ಕೆ ಕಳಿಸಿತು. ಪಕ್ಷವೊಂದು ಕಣ್ಣೆದುರೇ ಒಡೆಯುತ್ತಿದ್ದ ಹೊತ್ತಿನಲ್ಲಿ ಇದು ಸಣ್ಣ ಮಾತಲ್ಲ. ಇನ್ನೊಂದು, ಮೂರನೆಯವರೊಬ್ಬರು ಮರ್ಯಾದೆಯಿಂದ ನಿಲ್ಲಲು ಜಾಗ ಮಾಡಿಕೊಟ್ಟಿತು. ದೇಶಮುಖ್ ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್, ನೆಹರೂ ಸಂಪುಟದ ಹಣಕಾಸು ಸಚಿವ. ಸರಳ ನಿಯಮವಿದ್ದಿದ್ದರೆ ಅವರಿಗೆ ಬೀಳುವ ಪ್ರತಿ ಮತವೂ ರೆಡ್ಡಿಯವರ ಬುಡಕ್ಕೆ ಕೊಡಲಿ ಎಂದು ವಿರೋಧ ಪಕ್ಷಗಳು ಅವರನ್ನು ಕಣಕ್ಕಿಳಿಸುತ್ತಲೇ ಇರಲಿಲ್ಲವೇನೋ. ನಿಯಮದ ನಿಜವಾದ ಪರಿಣಾಮ ಎಣಿಕೆಯ ಮೇಜಿಗಿಂತ ಒಂದು ತಿಂಗಳು ಮೊದಲೇ ಆಗಿತ್ತು: ಯಾರು ನಿಲ್ಲುತ್ತಾರೆ, ಯಾರ ಮನೆ ಬಾಗಿಲಿಗೆ ಯಾರು ಹೋಗುತ್ತಾರೆ ಎಂಬುದನ್ನು ಅದೇ ತೀರ್ಮಾನಿಸಿತ್ತು.

ಅಂದಹಾಗೆ, ಸಂವಿಧಾನದ 55ನೆಯ ವಿಧಿ ಇದನ್ನು ಪ್ರಮಾಣಾನುಗುಣ ಪ್ರಾತಿನಿಧ್ಯ, ಅಂದರೆ ಬಂದ ಮತದ ಪ್ರಮಾಣಕ್ಕೆ ತಕ್ಕ ಪಾಲು, ಎಂದು ಕರೆಯುತ್ತದೆ. ಒಂದೇ ಹುದ್ದೆಗೆ ನಡೆಯುವ ಚುನಾವಣೆಯಲ್ಲಿ ಪ್ರಮಾಣವೆಲ್ಲಿಂದ ಬಂತು? ಒಂದು ಬಾಳೆಹಣ್ಣನ್ನು ಮೂವರಿಗೆ ಕೊಡಬಹುದು, ಒಂದು ಕುರ್ಚಿಯನ್ನಲ್ಲ.

ಇನ್ನೊಂದು ಲೆಕ್ಕ. ಕೊನೆಯ ಸುತ್ತಿಗೆ ಬರುವಾಗ 10,833ರಷ್ಟು ಮೌಲ್ಯದ ಮತಗಳು ಲೆಕ್ಕದಿಂದ ಹೊರಗುಳಿದವು. ಅವುಗಳಲ್ಲಿ ಗಿರಿಗೂ ರೆಡ್ಡಿಗೂ ಉಪಯೋಗವಾಗುವ ಮುಂದಿನ ಪ್ರಾಶಸ್ತ್ಯ ಇರಲಿಲ್ಲ. ಮೊದಲ ಪ್ರಾಶಸ್ತ್ಯ ಬರೆದರೆ ಮತ ಸಿಂಧು, ಮುಂದಿನವು ಮತದಾರರ ಇಷ್ಟಕ್ಕೆ ಬಿಟ್ಟದ್ದು. ಎಲ್ಲ ಪ್ರಾಶಸ್ತ್ಯಗಳನ್ನೂ ಕಡ್ಡಾಯ ಮಾಡಬೇಕೆಂಬ ಸುಧಾರಣೆಯ ಮಾತು ಆಗಾಗ ಕೇಳಿಬರುತ್ತದೆ. ಈ 10,833ನ್ನು ಇಡಿಯಾಗಿ ರೆಡ್ಡಿಯವರಿಗೇ ಸೇರಿಸಿ ನೋಡಿ: 4,16,260. ಆಗಲೂ ಗಿರಿ 3,817ರಿಂದ ಮುಂದು. ಆಗ ಒಬ್ಬ ಸಂಸದರ ಮತದ ಮೌಲ್ಯ 576 ಇತ್ತು. ಅಂದರೆ ಅಂಥ ಸ್ಥಿತಿಯಲ್ಲಿ ನಾಲ್ವರು ಸಂಸದರು ಗಿರಿಯವರ ಬದಲು ರೆಡ್ಡಿಯವರ ಕಡೆ ವಾಲಿದ್ದರೆ ಫಲಿತಾಂಶ ತಿರುಗುತ್ತಿತ್ತು. ನಿಜವಾಗಿ ಬಂದ ಅಂತರದಲ್ಲಿ ಹದಿಮೂರು ಮಂದಿ ಬೇಕಿತ್ತು. ಇಷ್ಟಾದರೂ ಕಡ್ಡಾಯದ ಪರ ನಾನಿಲ್ಲ. ಇಬ್ಬರೂ ಬೇಡವೆಂದು ಖಾಲಿ ಬಿಡುವುದೂ ಒಂದು ಅಭಿಪ್ರಾಯವೇ.

ವಿಪ್ ಇಲ್ಲದ ಮತ

ಎಲೆಕ್ಟೋರಲ್ ಕಾಲೇಜು ಎಂದೊಡನೆ ಅಮೆರಿಕ ನೆನಪಾಗುತ್ತದೆ. ಅಲ್ಲಿನ 538 ಮತದಾರರು ಹೆಚ್ಚುಕಡಿಮೆ ಅಂಚೆಯವರು, ಜನ ಕೊಟ್ಟ ಪತ್ರವನ್ನು ತಲುಪಿಸುವವರು. ದಾರಿಯಲ್ಲಿ ಪತ್ರ ಬದಲಿಸಿದರೆ ರಾಜ್ಯಗಳು ಅವರನ್ನು ಶಿಕ್ಷಿಸಬಹುದೆಂದು 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ನಮ್ಮದು ಹಾಗಲ್ಲ. ನಮ್ಮ ಸಂಸದರಿಗೂ ಶಾಸಕರಿಗೂ ರಾಷ್ಟ್ರಪತಿ ಯಾರಾಗಬೇಕೆಂದು ಜನ ಮೊದಲೇ ಹೇಳಿಕಳಿಸಿರುವುದಿಲ್ಲ. ಸಂವಿಧಾನವೇ ಗುಪ್ತ ಮತದಾನ ಎಂದಿದೆ. ಈ ಚುನಾವಣೆಯಲ್ಲಿ ಪಕ್ಷ ವಿಪ್ ಹೊರಡಿಸುವಂತಿಲ್ಲ, ಪಕ್ಷಾಂತರ ನಿಷೇಧ ಕಾಯ್ದೆ ಅನ್ವಯಿಸುವುದಿಲ್ಲ.

1969ರಲ್ಲಿ ಈ ಸ್ವಾತಂತ್ರ್ಯ ಬಳಕೆಯಾಯಿತು. ಆತ್ಮಸಾಕ್ಷಿ ಎಂಬ ಪದವನ್ನು ನಾನು ತೀರಾ ಭಕ್ತಿಯಿಂದ ಓದುವುದಿಲ್ಲ. ಪ್ರಧಾನಿಯೇ ತಮ್ಮ ಪಕ್ಷದ ಹುರಿಯಾಳನ್ನು ಸೋಲಿಸಲು ಕರೆ ಕೊಟ್ಟಾಗ ಅದನ್ನು ಅಂತರಾತ್ಮದ ಕೂಗು ಎನ್ನಲು ಧೈರ್ಯ ಬೇಕು. ಮತದಾನಕ್ಕೆ ಮೊದಲು ಸಂಸತ್ತಿನ ಆವರಣದಲ್ಲಿ ರೆಡ್ಡಿಯವರ ವಿರುದ್ಧ ಹೆಸರಿಲ್ಲದ ಅಶ್ಲೀಲ ಕರಪತ್ರ ಹರಿದಾಡಿತು. ಅದೂ ಸೇರಿದ ತಕರಾರು ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು. ಅಧಿಕಾರದಲ್ಲಿದ್ದ ರಾಷ್ಟ್ರಪತಿ ಗಿರಿ ಸ್ವತಃ ನ್ಯಾಯಾಲಯಕ್ಕೆ ಬಂದು ಸಾಕ್ಷ್ಯ ನುಡಿದರು. ಕರಪತ್ರದಲ್ಲಿ ಅವರ ಕೈವಾಡ ಸಾಬೀತಾಗಲಿಲ್ಲ, 1970ರಲ್ಲಿ ಅರ್ಜಿಗಳು ವಜಾ ಆದವು. ಅಂದರೆ ಆ ಚುನಾವಣೆ ಗಂಗಾಜಲವೇನಲ್ಲ.

ಆದರೂ ಒಂದು ಸಂಗತಿ ಉಳಿಯುತ್ತದೆ. ಮಂಡಲದ ಅರ್ಧ ತೂಕ ಸಂಸತ್ತಿಗೆ, ಅರ್ಧ ತೂಕ ರಾಜ್ಯಗಳ ಶಾಸಕರಿಗೆ. 1967ರ ನಂತರ ಮದ್ರಾಸಿನಲ್ಲಿ ಡಿಎಂಕೆ, ಕೇರಳದಲ್ಲಿ ಎಡರಂಗ, ಪಂಜಾಬಿನಲ್ಲಿ ಅಕಾಲಿಗಳು ಬಲಗೊಂಡಿದ್ದರು. ಅವರ ಶಾಸಕರು ಇಂದಿರಾ ಅವರ ಬಣದೊಂದಿಗೆ ಸೇರಿದ್ದರಿಂದಲೇ ಗಿರಿ ಗೆದ್ದದ್ದು. ಸಂಸತ್ತಿನಲ್ಲಷ್ಟೇ ಚುನಾವಣೆ ನಡೆದಿದ್ದರೆ ಅದು ಒಂದು ಪಕ್ಷದ ಒಳಜಗಳವಾಗಿ ಮುಗಿಯುತ್ತಿತ್ತು. ರಾಜ್ಯಗಳಿಗೂ ಪಾಲು ಇದ್ದುದರಿಂದ ಅದು ದೇಶದ ಪ್ರಶ್ನೆಯಾಯಿತು. ಸಂವಿಧಾನ ಸಭೆಯಲ್ಲಿ ಕೆ.ಟಿ. ಷಾ ಅವರು ರಾಷ್ಟ್ರಪತಿಯನ್ನು ಜನರೇ ನೇರವಾಗಿ ಆರಿಸಲಿ ಎಂದಿದ್ದರು. ನೆಹರೂ ಒಪ್ಪಲಿಲ್ಲ. ದೇಶವೆಲ್ಲ ಮತ ಹಾಕಿ ಗೆಲ್ಲಿಸಿದವರಿಗೆ ನಿಜವಾದ ಅಧಿಕಾರ ಕೊಡದೆ ಕೂರಿಸುವುದು ವಿಚಿತ್ರವಾಗುತ್ತದೆ, ಅಧಿಕಾರ ಕೊಟ್ಟರೆ ಪ್ರಧಾನಿಯೊಡನೆ ಜಗಳ ಎಂಬುದು ಅವರ ವಾದದ ಸಾರ. 1969ರ ಆಗಸ್ಟ್‌ನಲ್ಲಿ ನೇರ ಚುನಾವಣೆ ನಡೆದಿದ್ದರೆ ಹೇಗಿರುತ್ತಿತ್ತೆಂದು ಊಹಿಸಿದರೆ ನೆಹರೂ ಮಾತು ಸರಿಯೆನಿಸುತ್ತದೆ. ಪಕ್ಷ ಒಡೆಯಲು ಹೊರಟ ಇಬ್ಬರು ನಾಯಕರು ಇಡೀ ದೇಶವನ್ನು ತಮ್ಮ ಅಖಾಡ ಮಾಡಿಕೊಳ್ಳುತ್ತಿದ್ದರು. ಪಕ್ಷವಂತೂ ಉಳಿಯಲಿಲ್ಲ. ನವೆಂಬರ್ 12ರಂದು ನಿಜಲಿಂಗಪ್ಪನವರು ಪ್ರಧಾನಿಯನ್ನೇ ಕಾಂಗ್ರೆಸ್ಸಿನಿಂದ ಹೊರಹಾಕಿದರು.

ಗುಪ್ತ ಮತದಾನ ತೆಗೆದು, ರಾಜ್ಯಸಭೆಗೆ 2003ರಲ್ಲಿ ತಂದಂತೆ ಇಲ್ಲಿಯೂ ಪಕ್ಷದ ಏಜೆಂಟರಿಗೆ ಮತಪತ್ರ ತೋರಿಸುವ ನಿಯಮ ತನ್ನಿ ಎನ್ನುವವರಿದ್ದಾರೆ. ಅಡ್ಡಮತದಾನಕ್ಕೆ ಹಣ ಕೈಬದಲಾಗುತ್ತದೆ ಎಂಬ ಅವರ ಆತಂಕ ಸುಳ್ಳಲ್ಲ. ಆದರೆ ಹಾಗೆ ಮಾಡಿದರೆ ಸುಮಾರು 4,800 ಮಂದಿಯನ್ನು ಸೇರಿಸಿ ಮತ ಹಾಕಿಸುವ ಅಗತ್ಯವೇ ಇರುವುದಿಲ್ಲ. ಪಕ್ಷಗಳ ಅಧ್ಯಕ್ಷರು ಒಂದು ಕೋಣೆಯಲ್ಲಿ ಕುಳಿತು ಸಂಖ್ಯೆ ಕೂಡಿಸಿಕೊಂಡರೆ ಸಾಕು.

ಬಾಗಿಲಿಗೆ ಬಿದ್ದ ಬೀಗ

1969ರ ಕಣದಲ್ಲಿ ಐವರಿಗೆ ಒಂದು ಮತವೂ ಬೀಳಲಿಲ್ಲ. ಆಗಿನ ನಿಯಮದಂತೆ ನಾಮಪತ್ರಕ್ಕೆ ಮಂಡಲದ ಇಬ್ಬರು ಸದಸ್ಯರ ಸಹಿ ಬೇಕಿತ್ತು, ಒಬ್ಬರು ಸೂಚಕರು, ಒಬ್ಬರು ಅನುಮೋದಕರು. ಈ ಐವರಿಗೆ ಸಹಿ ಹಾಕಿದವರೂ ಮತ ಹಾಕಲಿಲ್ಲವೆಂದಾಯಿತು! 1974ರಲ್ಲಿ ಕಾಯ್ದೆ ತಿದ್ದಿ ಹತ್ತು ಸೂಚಕರು, ಹತ್ತು ಅನುಮೋದಕರು, 2,500 ರೂಪಾಯಿ ಠೇವಣಿ ಎಂದು ಮಾಡಿದರು. 1977ರಲ್ಲಿ ಸಲ್ಲಿಕೆಯಾದ 37 ನಾಮಪತ್ರಗಳಲ್ಲಿ 36 ತಿರಸ್ಕೃತವಾದವು. ಉಳಿದ ಒಂದು ಯಾರದ್ದು ಗೊತ್ತೇ? ಎಂಟು ವರ್ಷದ ಹಿಂದೆ ಸೋತಿದ್ದ ಸಂಜೀವ ರೆಡ್ಡಿಯವರದು. ಹಂಗಾಮಿ ರಾಷ್ಟ್ರಪತಿಯಾಗಿದ್ದ ನಮ್ಮ ಬಿ.ಡಿ. ಜತ್ತಿಯವರಿಂದ ಅವರು ಅಧಿಕಾರ ವಹಿಸಿಕೊಂಡರು. ಅವರೊಬ್ಬರೇ ಇದುವರೆಗೆ ಅವಿರೋಧವಾಗಿ ಆಯ್ಕೆಯಾದ ರಾಷ್ಟ್ರಪತಿ.

1997ರಲ್ಲಿ ಬೀಗ ಇನ್ನೂ ಬಿಗಿಯಾಯಿತು: ಐವತ್ತು ಸೂಚಕರು, ಐವತ್ತು ಅನುಮೋದಕರು, 15,000 ರೂಪಾಯಿ. ಹವ್ಯಾಸಿ ಅಭ್ಯರ್ಥಿಗಳನ್ನು ತಡೆಯಲು ಇಪ್ಪತ್ತು ಸಹಿ ಸಾಕಿತ್ತು, 1977ರಲ್ಲೇ ಅದು ಸಾಬೀತಾಗಿತ್ತು. ನೂರು ಸಹಿ ಎಂದರೆ ಸಣ್ಣ ರಾಜ್ಯಗಳ ಪಕ್ಷಗಳು ದೊಡ್ಡವರ ನೆರಳಿಲ್ಲದೆ ಹುರಿಯಾಳನ್ನು ನಿಲ್ಲಿಸಲಾಗದು. ಈ ತಿದ್ದುಪಡಿಯನ್ನು ಹಿಂದಕ್ಕೆ ಪಡೆದರೆ ಎರಡನೆಯ ಪ್ರಾಶಸ್ತ್ಯಕ್ಕೆ ಮತ್ತೆ ಕೆಲಸ ಬರುತ್ತದೆ. ಇಬ್ಬರೇ ಇರುವ ಕಣದಲ್ಲಿ ಅದು ಬರಿಯ ಅಲಂಕಾರ.

131

ವಿಧಾನಸೌಧದಲ್ಲಿ ರಾಷ್ಟ್ರಪತಿ ಚುನಾವಣೆಯ ದಿನ ಶಾಸಕರಿಗೆ ಸಿಗುವುದು ಗುಲಾಬಿ ಬಣ್ಣದ ಮತಪತ್ರ, ಸಂಸದರದು ಹಸಿರು. ಬರೆಯಲು ಆಯೋಗವೇ ನೇರಳೆ ಶಾಯಿಯ ಪೆನ್ನು ಕೊಡುತ್ತದೆ. ಹೆಸರುಗಳ ಮುಂದೆ 1, 2 ಎಂದು ಬರೆಯಬೇಕು. ಅಕ್ಷರದಲ್ಲಿ ಬರೆದರೆ ಆಗದು, ಅಂಕಿಯೇ ಬೇಕು. ಆದರೆ ಅಂಕಿ ಯಾವ ಭಾರತೀಯ ಭಾಷೆಯದಾದರೂ ನಡೆಯುತ್ತದೆ. ನಮ್ಮ ಶಾಸಕರು ೧, ೨ ಎಂದು ಕನ್ನಡದಲ್ಲೇ ಬರೆಯಬಹುದು. ವಿಧಾನ ಪರಿಷತ್ತಿನ ಸದಸ್ಯರಿಗೂ ನಾಮಕರಣಗೊಂಡವರಿಗೂ ಮತವಿಲ್ಲ.

ಆ ಗುಲಾಬಿ ಚೀಟಿಯ ತೂಕ 131. ಕರ್ನಾಟಕದ 1971ರ ಜನಸಂಖ್ಯೆ 2,92,99,014. ಅದನ್ನು 224 ಶಾಸಕರಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಿದರೆ 130.8, ಅಂದರೆ 131. ಉತ್ತರ ಪ್ರದೇಶದ ಶಾಸಕರದು 208, ಸಿಕ್ಕಿಂನವರದು 7. 2022ರಲ್ಲಿ ಎಲ್ಲ ಶಾಸಕರ ಮತಗಳನ್ನು ಕೂಡಿ 776 ಸಂಸದರಿಂದ ಭಾಗಿಸಿದಾಗ ಒಬ್ಬ ಸಂಸದರಿಗೆ ಬಂದದ್ದು 700.

1971 ಏಕೆ? 1969ರಲ್ಲಿ ಲೆಕ್ಕ ನಡೆದದ್ದು ಆಗಿನ ಹೊಸ ಜನಗಣತಿಯಾದ 1961ರ ಮೇಲೆ. ತುರ್ತು ಪರಿಸ್ಥಿತಿಯ ಕಾಲದ 42ನೆಯ ತಿದ್ದುಪಡಿ 1971ರ ಅಂಕಿಗೆ ಮೊಳೆ ಹೊಡೆಯಿತು, ಆಮೇಲೆ 84ನೆಯ ತಿದ್ದುಪಡಿ 2026ರ ನಂತರದ ಮೊದಲ ಜನಗಣತಿಯವರೆಗೆ ಅದನ್ನು ಮುಂದುವರಿಸಿತು. ಸಂತಾನ ನಿಯಂತ್ರಣ ಮಾಡಿದ ರಾಜ್ಯಗಳಿಗೆ ನಷ್ಟವಾಗಬಾರದೆಂಬ ಉದ್ದೇಶ. ಲೋಕಸಭಾ ಸ್ಥಾನಗಳ ವಿಷಯದಲ್ಲಿ ಈ ಚರ್ಚೆ ಬೇಕಾದಷ್ಟು ನಡೆದಿದೆ. ರಾಷ್ಟ್ರಪತಿಯ ಮತಮೌಲ್ಯದ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಂತಿಲ್ಲ.

2011ರ ಜನಗಣತಿ ಇಟ್ಟುಕೊಂಡು, ಶಾಸಕರ ಸಂಖ್ಯೆಯನ್ನು ಈಗಿರುವಂತೆಯೇ ಬಿಟ್ಟು ಲೆಕ್ಕ ಮಾಡಿದೆ. ಕರ್ನಾಟಕ 273, ಉತ್ತರ ಪ್ರದೇಶ 496, ತಮಿಳುನಾಡು 308, ಕೇರಳ 239, ಬಿಹಾರ 428. ಇಂದು ತಮಿಳುನಾಡಿನ ಶಾಸಕರ ಮತ 176, ಬಿಹಾರದವರದು 173, ಅಂದರೆ ಚೆನ್ನೈಯದೇ ಒಂದು ಕೈ ಮೇಲು. ಹೊಸ ಲೆಕ್ಕದಲ್ಲಿ ಬಿಹಾರ ನೂರಿಪ್ಪತ್ತು ಮುಂದೆ. ಉತ್ತರ ಪ್ರದೇಶದ ಒಂದು ಮತಕ್ಕೆ ಈಗ ಕೇರಳದ 1.37 ಮತ ಸಮವಿದ್ದರೆ, ಆಗ ಎರಡಕ್ಕಿಂತ ಹೆಚ್ಚು. ನಮ್ಮದು ನಡುವೆ ನಿಲ್ಲುತ್ತದೆ: 1.59 ಇದ್ದದ್ದು 1.82ಕ್ಕೆ ಏರುತ್ತದೆ.

ಜನರ ತೂಕಕ್ಕೆ ತಕ್ಕ ಮತ ಎಂಬ ತತ್ತ್ವವನ್ನು ಒಪ್ಪಿದ ಮೇಲೆ ಐವತ್ತು ವರ್ಷದ ಹಿಂದಿನ ಜನರನ್ನು ಎಣಿಸುವುದು ಸಮರ್ಥನೀಯವಲ್ಲ ಎಂದು ಲಖನೌದವರು ಹೇಳಿದರೆ ನನ್ನಲ್ಲಿ ಚುರುಕಾದ ಉತ್ತರವಿಲ್ಲ. ಆದರೆ ರಾಷ್ಟ್ರಪತಿ ಒಕ್ಕೂಟದ ಮುಖ್ಯಸ್ಥರು. ಅವರ ಆಯ್ಕೆಯಲ್ಲಿ ರಾಜ್ಯಗಳಿಗೆ ಅರ್ಧ ಪಾಲು ಕೊಟ್ಟದ್ದೇ ತಲೆ ಎಣಿಕೆಯೊಂದೇ ಸಾಲದು ಎಂಬ ಕಾರಣಕ್ಕೆ. ಒಂದು ಮಧ್ಯದ ದಾರಿ ನನಗೆ ಒಪ್ಪಿಗೆ: ಸಂಸದರ ಅರ್ಧಭಾಗ ಹೊಸ ಜನಸಂಖ್ಯೆಯನ್ನು ಹೇಗೂ ಹೊತ್ತು ತರುತ್ತದೆ, ಕ್ಷೇತ್ರ ಪುನರ್ವಿಂಗಡಣೆಯಾದಾಗ ಉತ್ತರದ ಸಂಸದರ ಸಂಖ್ಯೆ ಏರಿಯೇ ಏರುತ್ತದೆ. ಶಾಸಕರ ಅರ್ಧವನ್ನಾದರೂ 1971ರ ರಾಜ್ಯವಾರು ಪಾಲಿನಲ್ಲೇ ಖಾಯಂ ಉಳಿಸಲಿ. ಒಂದೇ ಜನಗಣತಿ ಎರಡೂ ಕಡೆ ದಕ್ಷಿಣದ ತೂಕವನ್ನು ಇಳಿಸುವುದು ಬೇಡ.

ಮುಂದಿನ ರಾಷ್ಟ್ರಪತಿ ಚುನಾವಣೆ 2027ರ ಮಧ್ಯದಲ್ಲಿ. ಜನಗಣತಿಯ ಎಣಿಕೆಯ ದಿನಾಂಕ ಅದೇ ವರ್ಷದ ಮಾರ್ಚ್ 1, ಅಂತಿಮ ಅಂಕಿಗಳು ನಾಲ್ಕೈದು ತಿಂಗಳಲ್ಲಿ ಪ್ರಕಟವಾಗುವುದು ಕಷ್ಟ. ನಿಯಮ ಬದಲಾಗದಿದ್ದರೆ ವಿಧಾನಸೌಧದಲ್ಲಿ ಗುಲಾಬಿ ಚೀಟಿ ಪೆಟ್ಟಿಗೆಗೆ ಬೀಳುವಾಗ ಅದರ ತೂಕ ಇನ್ನೊಮ್ಮೆ 131 ಇರುತ್ತದೆ. ಬಹುಶಃ ಅದೇ ಕೊನೆಯ ಸಲ.